ಪ್ರಾಯಕ್ಕೆ ಬಂದ ಮಕ್ಕಳೂ ಮನೆಯ ಮೌನವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಕಬ್ಬು-ತಂಬಾಕುಗಳ ಗಡಿನಾಡು. ದುಡಿಮೆಗಾಗಿ ಇಲ್ಲಿಯ ಜನರು ಊರೂರು ತಿರುಗುವರು. ಭಾರತದಲ್ಲಿ 1986ರಲ್ಲಿ ಮದ್ರಾಸಿನಲ್ಲಿ ಮೊದಲು ಪತ್ತೆಯಾದ ಎಚ್‌.ಐ.ವಿ. ರೋಗಾಣುವಿನಿಂದ ಮುಂದೆ ಬೆಳಗಾವಿ ಜಿಲ್ಲೆಯೂ ಬಹಳ ನೊಂದಿತು.

ಈ ವಿಷಯದ ತಿಳಿವಳಿಕೆಯನ್ನು ಶಾಲೆಗಳಲ್ಲಿ ಕೊಡಲು 2005ರಲ್ಲಿ ಕೇಂದ್ರ ಸರಕಾರವು ಯೋಜನೆ ಹೂಡಿತು. 2007ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಅದನ್ನು ಬೇಡವೆಂದವು. ಹೇಳಿದರೆ ಮಕ್ಕಳು ಕೆಡುವರೆಂಬ ಭಯವು ಅನೇಕರಿಗಿತ್ತು. ಆದರೆ ನಾವು ಹೇಳದಿದ್ದರೆ ಅವರು ಅರಿಯದೆ ಉಳಿಯುವರೇ? ಓಣಿಯ ಗೆಳೆಯರೂ ಕೈಯೊಳಗಿನ ಮೊಬೈಲೂ ಅರೆಬೆಂದ ಪಾಠವನ್ನು ಕಲಿಸದೆ ಬಿಡವು.

ಆದುದರಿಂದ ತಾಯಿತಂದೆಗಳೇ ಮೊದಲು ಬಾಯಿ ತೆರೆಯಬೇಕು. ಮಗಳಿಗೆ ಮುಟ್ಟು, ಮಗನಿಗೆ ಸ್ವಪ್ನಸ್ಖಲನ ಬರುವ ಮುಂಚೆಯೇ ಇವು ದೇಹಧರ್ಮವೆಂದೂ ರೋಗವಲ್ಲವೆಂದೂ ತಿಳಿಸಬೇಕು. ಎಚ್‌.ಐ.ವಿ.ಯು ಅಸುರಕ್ಷಿತ ಸಂಭೋಗ, ಸೋಂಕಿನ ರಕ್ತ, ಒಬ್ಬರು ಬಳಸಿದ ಸೂಜಿ ಇವುಗಳಿಂದಲೂ ತಾಯಿಯಿಂದ ಶಿಶುವಿಗೂ ಹರಡುವದು. ಸಹಪಂಕ್ತಿಯ ಊಟದಿಂದಾಗಲಿ ಸೊಳ್ಳೆಯಿಂದಾಗಲಿ ಹರಡದು. ಸರಿಯಾಗಿ ಬಳಸಿದ ನಿರೋಧವು ಸೋಂಕನ್ನು ತಡೆಯುವದು. ಯಾರಾದರೂ ಬಲಾತ್ಕರಿಸಿದರೆ ತಪ್ಪು ಮಗುವಿನದಲ್ಲವೆಂಬುದನ್ನೂ ಹೇಳಿರಬೇಕು. ಆಗಲೇ ಅದು ನಮ್ಮ ಬಳಿಗೆ ಓಡಿಬರುವದು.

ಸರಕಾರಿ ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆಯು ಉಚಿತ. 2004ರಿಂದ ಔಷಧವೂ ಉಚಿತವಾಗಿ ದೊರೆಯುತ್ತಿದೆ. ಅದನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ರೋಗಾಣು ಕಾಣದಷ್ಟು ಅಡಗಿದರೆ ಸಂಭೋಗದಿಂದ ಇನ್ನೊಬ್ಬರಿಗೆ ತಗಲದು. ಸೋಂಕುಳ್ಳ ಬಾಲಕರಿಗೆ ಶಾಲೆಯ ಬಾಗಿಲು ಮುಚ್ಚುವದನ್ನು 2017ರ ಕಾಯಿದೆಯು ನಿಷೇಧಿಸಿದೆ. ಸಂದೇಹವಿದ್ದವರು 1097ಕ್ಕೆ ದೂರವಾಣಿ ಮಾಡಿ ಕೇಳಬಹುದು.

ನಾಚಿಕೆಯು ಕುಲದ ಭೂಷಣವೆನ್ನುವೆವು. ಮಗುವಿನ ಪ್ರಾಣರಕ್ಷಣೆಗೆ ಅಡ್ಡಬರುವ ನಾಚಿಕೆಯಾದರೋ ಭೂಷಣವಲ್ಲ.