ದೆವ್ವಕ್ಕೂ ಬೇಕು ಮನೆಯಲ್ಲೊಂದು ಪಾಲು

ಒಂದೇ ಖೋಲಿಯಲ್ಲಿ ಆರೇಳು ಜನ ಮಲಗುವ ಮುಂಬಯಿಯಲ್ಲಿ ದೆವ್ವಕ್ಕೆ ಕಾಲೂರಲು ಜಾಗವೆಲ್ಲಿ? ಆದರೂ ಹಿಂದಿ ಟಿವಿಯ ದೆವ್ವಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. 1993ರಲ್ಲಿ ರಾಮ್ಸೆ ಸಹೋದರರ ‘ಜೀ ಹಾರರ್ ಶೋ’ ಬಂತು, 1995ರಲ್ಲಿ ಸೋನಿಯಲ್ಲಿ ಬಿ.ಪಿ. ಸಿಂಗ್ ಅವರ ‘ಆಹಟ್’. ಆಗೆಲ್ಲ ಕಿರ್ರೆನ್ನುವ ಬಾಗಿಲು, ಪಾಳು ಬಂಗಲೆ. ಹೆದರಿ, ದೀಪ ಆರಿಸಿ ಮಲಗಿದರೆ ಮುಗಿಯಿತು. ಆಮೇಲಾಮೇಲೆ ದೆವ್ವ ಬಂಗಲೆ ಬಿಟ್ಟು ಕೂಡುಕುಟುಂಬದ ನಡುಮನೆಗೆ ಬಂತು. ಬಂದದ್ದೇ, ಮನೆಯವರು ಬಾಯಿಬಿಟ್ಟು ಆಡಲಾಗದ್ದನ್ನೆಲ್ಲ ಆಡತೊಡಗಿತು.

2016ರಲ್ಲಿ ಜೀ ಮರಾಠಿಯಲ್ಲಿ ಶುರುವಾದ ‘ರಾತ್ರೀಸ್ ಖೇಳ್ ಚಾಲೇ’ಯನ್ನೇ ನೋಡಿ. ಸಾವಂತವಾಡಿ ಬಳಿಯ ಆಕೇರಿಯ ವಾಡೆ, ಮಾಲ್ವಣಿ ಮಾತು. ಯಜಮಾನ ಅಣ್ಣಾ ನಾಯ್ಕ್ ತೀರಿಕೊಂಡಾಗ ಮುಂಬಯಿಯಲ್ಲಿರುವ ಮಗ ಮಾಧವ, ವಿಜ್ಞಾನ ನಂಬುವ ಸೊಸೆ ನೀಲಿಮಾ ಊರಿಗೆ ಬರುತ್ತಾರೆ. ಉತ್ತರಕ್ರಿಯೆ ಮುಗಿಯುವ ಮೊದಲೇ ಆಸ್ತಿಯ ಮಾತು ಏಳುತ್ತದೆ. ಜೊತೆಗೇ ರಾತ್ರಿಯ ಕಾಟವೂ. 2019ರ ಎರಡನೇ ಸರಣಿ ಹಿಂದಕ್ಕೆ ಹೋಗಿ ಅಣ್ಣಾನ ದರ್ಪ, ಶೇವಂತಾ ಎಂಬ ಹೆಣ್ಣಿನೊಂದಿಗಿನ ಸಂಬಂಧವನ್ನು ತೆರೆದಿಟ್ಟಿತು. ಮಕ್ಕಳನ್ನು ಕಾಡುವುದು ಅಪ್ಪ ತೀರಿಸದೆ ಹೋದ ಲೆಕ್ಕ ಎಂಬುದು ಆಗ ನಿಚ್ಚಳವಾಯಿತು. ಗಣಪತಿ ಹಬ್ಬಕ್ಕೆ ಕೊಂಕಣದ ಬಸ್ಸು ಹತ್ತುವ ಮುಂಬಯಿಯ ಲಾಲ್‌ಬಾಗ್, ಪರೇಲಿನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನಮ್ಮ ಉಡುಪಿ, ಕುಂದಾಪುರ ಕಡೆಯಿಂದ ಬಂದು ಹೋಟೆಲು ನಡೆಸಿದವರಿಗೂ ಇದು ಹೊಸದಲ್ಲ. ಮುಂಬಯಿಯಲ್ಲಿ ವ್ಯಾಪಾರ ಕೈಕೊಟ್ಟರೆ, ಮದುವೆ ಮುಂದೆ ಹೋದರೆ ಊರಲ್ಲಿ ಜೋಯಿಸರ ಹತ್ತಿರ ಪ್ರಶ್ನೆ ಇಡಿಸುತ್ತಾರೆ. ಮೂಲಮನೆಯ ದೈವಕ್ಕೆ ಸಲ್ಲಬೇಕಾದದ್ದು ಸಂದಿಲ್ಲ, ನಾಗನಿಗೆ ತಂಬಿಲದ ಪೂಜೆ ನಿಂತಿದೆ ಎಂದು ಪ್ರಶ್ನೆಯಲ್ಲಿ ಬರುತ್ತದೆ. ನಂಬಿಕೆ ಅವರವರದು. ಆದರೆ ಪಾಲಾಗಿ ದೂರಾದ ಅಣ್ಣತಮ್ಮಂದಿರು ಖರ್ಚು ಹಂಚಿಕೊಂಡು ಮತ್ತೆ ಒಂದೇ ಅಂಗಳದಲ್ಲಿ ಕೂರುವುದು ಆ ನೆಪದಲ್ಲೇ.

ಹಿಂದಿ ಧಾರಾವಾಹಿಗಳಲ್ಲಿ ಹಳೆಯ ಲೆಕ್ಕ ತೀರಿಸುವ ಈ ಭಾರ ಸೊಸೆಯ ಹೆಗಲಿಗೆ ಬಿತ್ತು. 2015ರಲ್ಲಿ ಕಲರ್ಸ್‌ನಲ್ಲಿ ಬಂದ ಏಕ್ತಾ ಕಪೂರ್ ಅವರ ‘ನಾಗಿನ್’ನಲ್ಲಿ ನಾಗಿಣಿ ಶಿವನ್ಯಾ ತನ್ನ ಹೆತ್ತವರನ್ನು ಕೊಂದವರ ಮನೆಗೇ ಸೊಸೆಯಾಗಿ ಹೋಗುತ್ತಾಳೆ. ಸೆರಗು ಹೊದ್ದು ಸಿಟ್ಟು ನುಂಗುವ ಹೆಣ್ಣಿಗೆ ಧಾರಾವಾಹಿ ಹಲ್ಲು ಕೊಟ್ಟಿತು. ಮರುವರ್ಷ ‘ಸಸುರಾಲ್ ಸಿಮರ್ ಕಾ’ದಲ್ಲಿ ಸೊಸೆ ಸಿಮರ್ ನೊಣವಾದಾಗ ಜನ ಬಿದ್ದುಬಿದ್ದು ನಕ್ಕರು. ನಗುವಂಥದ್ದೇ. ಆದರೆ ಮನೆಯವರ ಮೂಗಿನ ಮುಂದೆಯೇ ಹಾರಾಡುತ್ತಿದ್ದರೂ ಇವಳು ಯಾರೆಂದು ಯಾರಿಗೂ ಗೊತ್ತಾಗದ ಸೊಸೆಯನ್ನು ಗುರುತಿಸಲು ಮಂತ್ರವಾದಿ ಬೇಕಿಲ್ಲ.

ದೆವ್ವದ ಈ ರೂಪಕದಲ್ಲಿ ಅಪಾಯವೂ ಇದೆ. 2018ರ ‘ನಜರ್’ನಲ್ಲಿ ಕೇಡಿಗೆಲ್ಲ ಮೂಲ ಜಡೆಯಲ್ಲಿ ಶಕ್ತಿಯಿರುವ ಡಾಯನ್, ಅಂದರೆ ಮಾಟಗಾತಿ, ಮೋಹನಾ. ತೆರೆಯ ಹೊರಗೆ ಹೆಂಗಸರನ್ನು ಡಾಯನ್ ಎಂದು ಕರೆದು ಹೊಡೆಯುವುದನ್ನು ತಡೆಯಲು ಜಾರ್ಖಂಡ್ 2001ರಲ್ಲೇ ಕಾಯ್ದೆ ತರಬೇಕಾಯಿತು. ಮಹಾರಾಷ್ಟ್ರಕ್ಕೆ 2013ರಲ್ಲಿ, ಕರ್ನಾಟಕಕ್ಕೆ 2017ರಲ್ಲಿ ಮಾಟಮಂತ್ರದ ವಿರುದ್ಧ ಕಾನೂನು ಬಂತು. ಹಾಗಾಗಿ ದೆವ್ವದ ಧಾರಾವಾಹಿ ನೋಡುವಾಗ ಕೇಳಬೇಕಾದದ್ದು ದೆವ್ವ ಇದೆಯೋ ಇಲ್ಲವೋ ಎಂದಲ್ಲ. ಅದು ಯಾರ ಅನ್ಯಾಯವನ್ನು ಬಯಲಿಗೆಳೆಯುತ್ತಿದೆ, ಯಾರ ಮೇಲೆ ತಪ್ಪು ಹೊರಿಸುತ್ತಿದೆ ಎಂದು. ಅಣ್ಣಾನ ವಾಡೆಯ ದೆವ್ವ ಯಜಮಾನನ ಲೆಕ್ಕ ಕೇಳಿತು. ಮೋಹನಾಳ ಕತೆ ಮತ್ತೆ ಹೆಂಗಸಿನ ಜಡೆಗೇ ಕೈಹಾಕಿತು.