ಸುತ್ತು ದಾರಿಯೇ ಹತ್ತಿರ!

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಲೆಕ್ಕದ ಉತ್ತರ ಸುಮಾರು 14,000 ಕಿ.ಮೀ. ಆದರೆ ಮಗಳ ಬಾಣಂತನಕ್ಕೆ ಹೊರಟ ಬಸವನಗುಡಿಯ ಅಮ್ಮನಿಗೆ ಆ ಅಂಕಿಯಿಂದ ಆಗಬೇಕಾದ್ದೇನಿಲ್ಲ. ‘ಎಷ್ಟು ಗಂಟೆ ಕೂತಿರಬೇಕಪ್ಪಾ?’ ಎಂಬುದೊಂದೇ ಅವರ ಪ್ರಶ್ನೆ. ಅದಕ್ಕೆ ಕಿಲೋಮೀಟರು ನೆಟ್ಟಗೆ ಉತ್ತರ ಕೊಡುವುದಿಲ್ಲ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ಗೋಡೆಯ ನಕ್ಷೆಯಲ್ಲಿ ಪೆಸಿಫಿಕ್ ಮೇಲೆ ಹಾಯಬೇಕೆನಿಸುವ ದಾರಿ, ಇಲ್ಲಿ ಟಿಬೆಟ್, ಮಂಗೋಲಿಯಾ ದಾಟಿ ಸೈಬೀರಿಯಾದ ಪೂರ್ವಕ್ಕೇರಿ ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ಇದೇ ಅತಿ ಹತ್ತಿರದ ದಾರಿ. ಆದರೂ ಟಿಬೆಟ್ ಎಂದರೆ ವಿಮಾನಗಳು ಹಿಂಜರಿಯುತ್ತವೆ. ಒಳಗಿನ ಗಾಳಿಯೊತ್ತಡ ಕುಸಿದರೆ ಉಸಿರಾಡಲು ಬೇಗ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ.

ಇನ್ನು ಗಾಳಿ. ಮೂವತ್ತು–ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಇದೆ. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಯಿತು, ಪ್ರಯಾಣ ಮಾತ್ರ ಎರಡು ಗಂಟೆಯಷ್ಟು ಇಳಿಯಿತು! ಗಾಳಿ ಬೆನ್ನಿಗಿದ್ದರೆ ಸುತ್ತಿ ಹೋದರೂ ಲಾಭವೇ.

ಬರುವಾಗ ಅದೇ ಗಾಳಿ ಎದುರಾಗುತ್ತದೆ, ಆಗ ಧ್ರುವದ ಕಡೆಯ ದಾರಿ ಹಿಡಿಯಬಹುದು. 2021ರ ಜನವರಿ 9ರ ಶನಿವಾರ ರಾತ್ರಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಬೋಯಿಂಗ್ 777 ಅನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು. ಹದಿನೇಳು ಗಂಟೆಗೂ ಮೀರಿದ ಹಾರಾಟ. ಇಳಿದಾಗ ಸೋಮವಾರ ಬೆಳಗಿನ ಜಾವ. ಭಾನುವಾರವೆಂಬುದು ಆಕಾಶದಲ್ಲೇ ಕಳೆದಿತ್ತು. ಹೋಗುವವರಿಗೆ ಇದು ತಿರುಗುಮುರುಗು. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ಹೊರಟು ಹದಿನಾರು ಗಂಟೆ ಹಾರಿದರೂ ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆ. ರಾತ್ರಿ ಊಟದ ಹೊತ್ತಿಗೆ ಅಜ್ಜಿ ಹಾಜರ್, ನಿದ್ದೆ ಮಾತ್ರ ವಾರ ಕಳೆದರೂ ಬರುವುದಿಲ್ಲ.

ಧ್ರುವದ ದಾರಿಯ ತಾಪತ್ರಯಗಳೇ ಬೇರೆ. ಅಲ್ಲಿ ಕಾಂತೀಯ ದಿಕ್ಸೂಚಿಯನ್ನು ನಂಬುವಂತಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ವಿಮಾನ ಇಂಧನ ಮೈನಸ್ 40 ಡಿಗ್ರಿಯ ಹೊತ್ತಿಗೆ ಹೆಪ್ಪುಗಟ್ಟುವ ಹಂತಕ್ಕೆ ಬರುತ್ತದೆ, ಹೊರಗಿನ ಚಳಿ ಅದಕ್ಕೂ ಕೆಳಗಿರುತ್ತದೆ. ಟ್ಯಾಂಕಿನ ಉಷ್ಣತೆ ತೀರಾ ಇಳಿದರೆ ಪೈಲಟ್‌ಗಳು ಕೆಳಗಿಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ನನಗಂತೂ ಇವೆಲ್ಲಕ್ಕಿಂತ ದೊಡ್ಡ ಚಿಂತೆ, ಕೆಟ್ಟರೆ ಇಳಿಯುವುದೆಲ್ಲಿ ಎಂಬುದು. ಧ್ರುವ ಮುಟ್ಟದ ದಾರಿಗೂ ಇದು ತಪ್ಪಿದ್ದಲ್ಲ: 2023ರ ಜೂನ್‌ನಲ್ಲಿ ಎಂಜಿನ್ ತೊಂದರೆಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ರಷ್ಯಾದ ಪೂರ್ವದಂಚಿನ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು ಹಾಸ್ಟೆಲು, ಶಾಲೆಗಳಲ್ಲಿ ತಂಗಿದರು. ಬದಲಿ ವಿಮಾನ ಮುಂಬೈಯಿಂದ ಹೋಗಿ ಅವರನ್ನು ಕರೆದೊಯ್ಯಬೇಕಾಯಿತು.