ಕೋಬಾಲ್ ಪ್ರೋಗ್ರಾಮುಗಳ ಭಾಷಾಂತರ: ಒಂದು ವಿವೇಚನೆ

ಗಣಕಯಂತ್ರಗಳಿಗೆ ವ್ಯಾಪಾರದ ಲೆಕ್ಕವನ್ನು ತಿಳಿಸಿಕೊಡಲೆಂದು ರಚಿತವಾದ ಭಾಷೆಗಳಲ್ಲಿ ಕೋಬಾಲ್ ಪ್ರಮುಖವಾದುದು. 1959ರಲ್ಲಿ ಅಮೆರಿಕದ ಸರ್ಕಾರದ ಹಾಗೂ ಯಂತ್ರತಯಾರಕರ ಪ್ರತಿನಿಧಿಗಳಿದ್ದ ಸಮಿತಿಯೊಂದು ಇದರ ರಚನೆಗೆ ತೊಡಗಿತು. ಗ್ರೇಸ್ ಹಾಪರ್ ಅವರು ಮೊದಲೇ ಸಿದ್ಧಪಡಿಸಿದ್ದ ಫ್ಲೋ-ಮ್ಯಾಟಿಕ್ ಭಾಷೆಯು ಇದಕ್ಕೆ ಮೇಲ್ಪಂಕ್ತಿಯಾಯಿತು. ಒಂದು ಕಂಪನಿಯ ಯಂತ್ರಕ್ಕಾಗಿ ಬರೆದುದು ಇನ್ನೊಂದರ ಯಂತ್ರದಲ್ಲಿಯೂ ನಡೆಯಬೇಕೆಂಬುದು ಇದರ ಮುಖ್ಯೋದ್ದೇಶ. ಆರು ದಶಕಗಳು ಸಂದರೂ ಅನೇಕ ಬ್ಯಾಂಕು, ವಿಮಾಸಂಸ್ಥೆ, ಸರ್ಕಾರಿ ಕಚೇರಿಗಳ ಲೆಕ್ಕವು ಇಂದಿಗೂ ಕೋಬಾಲಿನಲ್ಲಿಯೇ ನಡೆಯುತ್ತಿದೆ.

ಇವನ್ನು ಜಾವಾದಂತಹ ಹೊಸ ಭಾಷೆಗೆ ಪರಿವರ್ತಿಸುವುದು ಮೇಲುನೋಟಕ್ಕೆ ಸುಲಭವೆಂದು ತೋರುವುದು. ವಾಕ್ಯಕ್ಕೆ ವಾಕ್ಯ ಇಳಿಸಬಲ್ಲ ಸಾಧನಗಳೂ ಉಂಟು. ಆದರೆ ನಿಜವಾದ ತೊಡಕಿರುವುದು ಭಾಷೆಯು ಬಾಯಿಬಿಟ್ಟು ಹೇಳದೆ ಪಾಲಿಸುವ ರೂಢಿಗಳಲ್ಲಿ.

ಒಂದು ನಿದರ್ಶನವನ್ನು ನೋಡಬಹುದು. 1,250.50 ರೂಪಾಯಿಗೆ ಶೇಕಡ 7ರಂತೆ ಬಡ್ಡಿ 87.535. ಪೈಸೆಯವರೆಗೆ ಮಾತ್ರ ಸ್ಥಳವುಳ್ಳ ಕಲಮಿಗೆ ಇದನ್ನು ತುಂಬುವಾಗ, ದುಂಡಾಗಿಸಬೇಕೆಂಬ ಸ್ಪಷ್ಟವಾದ ಆಜ್ಞೆಯಿಲ್ಲದಿದ್ದರೆ, ಕೋಬಾಲ್ ಕೊನೆಯ ಅಂಕಿಯನ್ನು ಕತ್ತರಿಸಿ 87.53 ಎಂದು ಬರೆಯುತ್ತದೆ. ಪರಿವರ್ತಿಸುವವನು ವಾಡಿಕೆಯಂತೆ ದುಂಡಾಗಿಸಿದರೆ ಅದು 87.54 ಆಗುವುದು. ಹತ್ತು ಲಕ್ಷ ಖಾತೆಗಳಲ್ಲಿ ಹೀಗೆ ಒಂದೊಂದು ಪೈಸೆ ತಪ್ಪಿದರೆ 10,000 ರೂಪಾಯಿ. ಅಲ್ಲದೆ ಕೋಬಾಲ್ ಹಣದ ಲೆಕ್ಕವನ್ನು ದಶಮಾಂಶದಲ್ಲಿಯೇ ಮಾಡಬಲ್ಲದು. ಹೊಸ ಭಾಷೆಗಳಲ್ಲಿ ಎಚ್ಚರ ವಹಿಸದಿದ್ದರೆ ಲೆಕ್ಕವು ದ್ವಿಮಾನ ಪದ್ಧತಿಗೆ ಬೀಳುವುದು. ಆ ಪದ್ಧತಿಯಲ್ಲಿ 0.1 ಎಂಬ ಸಂಖ್ಯೆಯನ್ನು ಸಹ ನಿಖರವಾಗಿ ಬರೆದಿಡಲಾಗದು.

ಅಕ್ಷರಗಳ ಅನುಕ್ರಮವೂ ಹೀಗೆಯೇ. ಐಬಿಎಂ ಮೇನ್‌ಫ್ರೇಮುಗಳ ಎಬ್ಸಿಡಿಕ್ ಸಂಕೇತಮಾಲೆಯಲ್ಲಿ ರೋಮನ್ ಅಕ್ಷರಗಳು ಮೊದಲು, ಅಂಕಿಗಳು ಅನಂತರ. ಆಸ್ಕಿ ಸಂಕೇತಮಾಲೆಯಲ್ಲಿ ಅಂಕಿಗಳೇ ಮೊದಲು. ಎರಡು ಕಡತಗಳನ್ನು ಜೊತೆಜೊತೆಯಾಗಿ ಓದಿ ತಾಳೆ ನೋಡುವ ಪ್ರೋಗ್ರಾಮು, ಅವುಗಳ ಅನುಕ್ರಮ ಬೇರೆ ಬೇರೆಯಾದಲ್ಲಿ, ಇರುವ ಖಾತೆಯನ್ನೇ ಇಲ್ಲವೆಂದೀತು.

ಇಂತಹ ರೂಢಿಗಳ ಅರಿವು ಕಾಗದದಲ್ಲಿರುವುದಕ್ಕಿಂತ ಜನರಲ್ಲಿರುವುದೇ ಹೆಚ್ಚು. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದ ಪದ್ಧತಿಯನ್ನು 2000ಕ್ಕೆ ಮುನ್ನ ತಿದ್ದುವ ಕಾರ್ಯದಲ್ಲಿ ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದುಗಳ ಎಂಜಿನಿಯರರು ದೊಡ್ಡ ಪಾಲು ವಹಿಸಿದರು. ಆ ಸಾಲುಗಳನ್ನು ಓದಿ ಬಲ್ಲ ತಲೆಮಾರು ಈಗ ನಿವೃತ್ತಿಯತ್ತ ಸಾಗುತ್ತಿದೆ. 2020ರ ಏಪ್ರಿಲಿನಲ್ಲಿ, ಕೋವಿಡ್ ಪಿಡುಗಿನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ರಾಶಿ ಬಿದ್ದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ ಅವರು ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಬೇಕಾಯಿತು.

ಆದುದರಿಂದ, ಬಲ್ಲವರು ಇರುವಾಗಲೇ ಹಳೆಯ ಹೊಸ ಪ್ರೋಗ್ರಾಮುಗಳೆರಡನ್ನೂ ಕೆಲಕಾಲ ಒಂದೇ ಲೆಕ್ಕದ ಮೇಲೆ ನಡೆಸಿ, ಪೈಸೆ ಪೈಸೆಗೂ ತಾಳೆ ನೋಡಿ, ಪ್ರತಿಯೊಂದು ವ್ಯತ್ಯಾಸಕ್ಕೂ ಕಾರಣವನ್ನು ಬರೆದಿಡುವುದು ಅವಶ್ಯ. ಕೆಲವೆಡೆ ಹಳೆಯದೇ ತಪ್ಪಿರಬಹುದು. ಆದರೆ ಅದನ್ನು ತಿದ್ದಬೇಕೇ ಉಳಿಸಬೇಕೇ ಎಂಬುದನ್ನು ನಿರ್ಣಯಿಸತಕ್ಕವರು ಆ ಲೆಕ್ಕಕ್ಕೆ ಹೊಣೆಯಾದ ಅಧಿಕಾರಿಗಳು. ಭಾಷಾಂತರದ ಭರದಲ್ಲಿ ಆ ನಿರ್ಣಯವು ಯಾರ ಅರಿವಿಗೂ ಬಾರದೆ ಆಗಿಹೋದರೆ, ಅದರ ಫಲವನ್ನು ಉಣ್ಣುವವನು ತಿಂಗಳ ಪಿಂಚಣಿಯನ್ನು ನೆಚ್ಚಿಕೊಂಡ ಸಾಮಾನ್ಯ ಗೃಹಸ್ಥನು.